ಸ್ಟಿಯರಿಂಗ್ ಇಲ್ಲದ ಕಾರಿನ ಚಾಸಿ

ಮಿನಿ ಫೋರ್‌ವ್ಹೀಲ್ ಡ್ರೈವ್ ಎಂಬ ಪುಟ್ಟ ಆಟಿಕೆ ಕಾರು ಟ್ರ್ಯಾಕಿನಿಂದ ಹಾರಿ ಬಿದ್ದರೆ ಸಾಕು, ಸುತ್ತ ನಿಂತವರ ಬಾಯಿಂದ ಬರುವ ಮೊದಲ ಮಾತು ಒಂದೇ: "ಇನ್ನೂ ಗಟ್ಟಿ ಮಾಡಬೇಕು." ಮುಂದಿನ ಬಂಪರಿಗೆ ಒಂದು ಪಟ್ಟಿ, ಹಿಂದಕ್ಕೆ ಒಂದು, ಎರಡು ಪಕ್ಕಗಳಿಗೆ ಒಂದೊಂದು. ಫೈಬರ್ ಪಟ್ಟಿ ಸಾಲದಿದ್ದರೆ ಕಾರ್ಬನ್. ಪುಣೆಯ ನಿಗಡಿಯಲ್ಲಿರುವ ನಮ್ಮ ಸೊಸೈಟಿಯ ತಾರಸಿಗೆ ಭಾನುವಾರ ಸಂಜೆ ಬರುವ ಮಕ್ಕಳೂ ಹೀಗೆಯೇ ಹೇಳುತ್ತಾರೆ, ಅವರನ್ನು ಕರೆತರುವ ಅಪ್ಪಂದಿರೂ ಹೀಗೆಯೇ ಹೇಳುತ್ತಾರೆ. ಆ ಅಪ್ಪಂದಿರಲ್ಲಿ ಅನೇಕರು ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಪಿಂಪ್ರಿ, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ನೆಲೆ ಕಂಡವರು. ಕಬ್ಬಿಣ ಎಲ್ಲಿ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಕೈಯಿಂದಲೇ ಬಲ್ಲವರು. ಅಂಥವರೂ ಅಂಗೈಯಗಲದ ಒಂದು ಪ್ಲಾಸ್ಟಿಕ್ ಕಾರಿನ ಮುಂದೆ ಕೂತಾಗ ಗಟ್ಟಿತನವೊಂದನ್ನೇ ಮದ್ದು ಎಂದುಕೊಳ್ಳುವುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ನನ್ನ ಹೊಟ್ಟೆಪಾಡು ಲಾರಿಗಳ ಚಾಸಿ ವಿನ್ಯಾಸ. ಲಾರಿಯ ಚಾಸಿಯನ್ನು ಎಲ್ಲ ಕಡೆಯಿಂದ ಬಿಗಿದರೆ ಅದು ಬೇಗ ಸೀಳುತ್ತದೆ ಎಂಬುದು ನಮ್ಮ ವಿಭಾಗಕ್ಕೆ ಹೊಸದಾಗಿ ಬಂದವರಿಗೂ ಗೊತ್ತಿರುವ ಸಂಗತಿ. ಅದೇ ಮಾತನ್ನು ಈ ಪುಟ್ಟ ಕಾರಿಗೆ ಅನ್ವಯಿಸಿದರೆ ಏನಾಗುತ್ತದೆ ಎಂದು ಯೋಚಿಸುತ್ತಾ ಹೋದಂತೆ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಿನಿ ಫೋರ್‌ವ್ಹೀಲ್ ಡ್ರೈವ್ ಕಾರುಗಳನ್ನು ಕಟ್ಟಿ ಓಡಿಸುವವರಿಗೆ ಪೀಠಿಕೆ ಬೇಕಿಲ್ಲ. ಉಳಿದವರಿಗಾಗಿ ನಾಲ್ಕು ಮಾತು. ಜಪಾನಿನ ಶಿಜುವೊಕಾದ ತಮಿಯಾ ಕಂಪನಿ 1982ರಲ್ಲಿ ಇವನ್ನು ಮೊದಲು ಮಾರುಕಟ್ಟೆಗೆ ತಂದಿತು, 1986ರಲ್ಲಿ ಓಟಕ್ಕೆಂದೇ ತಗ್ಗಾದ, ಚುರುಕಾದ ಮಾದರಿಗಳು ಬಂದವು. ಅಳತೆ 1:32. ಎರಡು ಪೆನ್ಸಿಲ್ ಸೆಲ್, ಒಂದು ಮೋಟರ್, ನಾಲ್ಕು ಚಕ್ರಗಳಿಗೂ ಎಳೆತ. ಅಂಟು ಬೇಕಿಲ್ಲ, ಭಾಗಗಳನ್ನು ಒತ್ತಿ ಕೂರಿಸಿದರೆ ಕಾರು ಸಿದ್ಧ. ರಿಮೋಟ್ ಇಲ್ಲ. ಗುಂಡಿ ಒತ್ತಿ ಗೋಡೆಗಳಿರುವ ಟ್ರ್ಯಾಕಿಗೆ ಬಿಟ್ಟ ಮೇಲೆ ಕಾರಿಗೂ ನಮಗೂ ಸಂಬಂಧ ಮುಗಿಯಿತು. ಮೂಲೆಗಳಲ್ಲಿರುವ ರೋಲರುಗಳು ಗೋಡೆಗೆ ತಾಗಿ ಉರುಳುತ್ತಾ ಕಾರನ್ನು ತಿರುಗಿಸುತ್ತವೆ.

ಇದರಲ್ಲಿ ಇಲ್ಲದ್ದನ್ನು ಎಣಿಸಿದರೆ ಇದರ ಸ್ವಭಾವ ಅರ್ಥವಾಗುತ್ತದೆ. ಸ್ಟಿಯರಿಂಗ್ ಇಲ್ಲ, ಬ್ರೇಕ್ ಪೆಡಲ್ ಇಲ್ಲ, ಸಸ್ಪೆನ್ಷನ್ ಇಲ್ಲ, ಎಡಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ದೊಡ್ಡ ವಾಹನದಲ್ಲಿ ಐದಾರು ವಿಭಾಗಗಳು ಹಂಚಿಕೊಂಡು ಮಾಡುವ ಕೆಲಸವೆಲ್ಲ ಇಲ್ಲಿ ಚಾಸಿಯ ತಲೆಯ ಮೇಲೆಯೇ ಬೀಳುತ್ತದೆ. ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ ತೊಟ್ಟಿಯೊಂದು ಮೋಟರನ್ನು ಹಿಡಿಯಬೇಕು, ಗಿಯರುಗಳನ್ನು ಕಚ್ಚಿಸಬೇಕು, ಗೋಡೆಯ ಹೊಡೆತ ತಿನ್ನಬೇಕು, ಜಿಗಿದು ಇಳಿದಾಗ ಪುಟಿಯದೆ ಕೂರಬೇಕು. ಇಷ್ಟು ಕೆಲಸಗಳನ್ನು ಒಂದೇ ವಸ್ತುವಿನಿಂದ ಮಾಡಿಸುವಾಗ ಎಲ್ಲದಕ್ಕೂ ಒಂದೇ ಉತ್ತರ ಹೇಗೆ ಸಾಕಾದೀತು?

ತಿರುವಿನಲ್ಲಿ ನಡೆಯುವುದು

ನಮ್ಮ ಟ್ರ್ಯಾಕಿನ ತಳ ಪ್ಲೈವುಡ್, ಗೋಡೆ ಸನ್‌ಪ್ಯಾಕ್ ಶೀಟ್. ತಮಿಯಾದ ಜೂನಿಯರ್ ಸರ್ಕ್ಯೂಟ್ ಎಂಬ ಟ್ರ್ಯಾಕಿನ ಅಳತೆಯನ್ನೇ ಇಟ್ಟುಕೊಂಡಿದ್ದೇವೆ: ಲೇನಿನ ಅಗಲ 115 ಮಿ.ಮೀ., ಗೋಡೆಯ ಎತ್ತರ 50 ಮಿ.ಮೀ. ನಿಯಮದ ಪ್ರಕಾರ ಕಾರಿನ ಅಗಲ 105 ಮಿ.ಮೀ. ದಾಟುವಂತಿಲ್ಲ, ಉದ್ದ 165, ಎತ್ತರ 70. ಅಂದರೆ ಅಗಲದಲ್ಲಿ ಉಳಿಯುವ ಸಡಿಲ ಕೇವಲ 10 ಮಿ.ಮೀ. ವೇಗದ ಮೋಟರೊಂದು ನಿಮಿಷಕ್ಕೆ 20,000 ಸುತ್ತು ಸುತ್ತುತ್ತದೆ ಎನ್ನೋಣ. 3.5:1 ಗಿಯರ್ (ಮೋಟರ್ ಮೂರೂವರೆ ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು) ಹಾಕಿ, 26 ಮಿ.ಮೀ. ವ್ಯಾಸದ ಚಕ್ರ ಜೋಡಿಸಿದರೆ, ಯಾವ ತಡೆಯೂ ಇಲ್ಲದಾಗ ಗಂಟೆಗೆ 28 ಕಿಲೋಮೀಟರ್ ವೇಗ ಬರುತ್ತದೆ. ತಿರುವಿನಲ್ಲಿ ಅದು ಸೆಕೆಂಡಿಗೆ 5 ಮೀಟರಿಗೆ ಇಳಿಯಿತು ಎಂದುಕೊಂಡರೂ ಅರ್ಧ ಮೀಟರ್ ತ್ರಿಜ್ಯದ ತಿರುವಿನಲ್ಲಿ ಕಾರನ್ನು ಹೊರಕ್ಕೆ ತಳ್ಳುವ ಬಲ ಅದರ ತೂಕದ ಐದು ಪಟ್ಟು. 130 ಗ್ರಾಂ ತೂಗುವ ಕಾರು 650 ಗ್ರಾಂ ತೂಕದಷ್ಟು ಭಾರವನ್ನು ರೋಲರುಗಳ ಮೂಲಕ ಗೋಡೆಗೆ ಒರಗಿಸುತ್ತದೆ. ಅದೂ ತಿರುವಿಗೆ ನುಗ್ಗಿದ ಕ್ಷಣದಲ್ಲಿ, ಹೆಚ್ಚಾಗಿ ಒಂದೇ ರೋಲರಿನ ಮೇಲೆ.

ಇಲ್ಲಿ ಬಂಪರಿನ ಗಟ್ಟಿತನ ನಿಜವಾಗಿ ಬೇಕು. ಯಾಕೆ ಎಂಬುದನ್ನು ನಾನು ಅಣ್ಣನ ಮಗನಿಗೆ ತೋರಿಸಿದ್ದು ಅವನದೇ ಕಾರಿನಲ್ಲಿ. ಕೆಂಪು ಚಾಸಿ, ಕಂಪನಿಯಿಂದ ಬಂದ ಹಾಗೆಯೇ ಇತ್ತು. ಮುಂದಿನ ಬಂಪರ್ ದೇಹಕ್ಕೆ ಸೇರುವ ಮೂಲೆಯಲ್ಲಿ ಉಗುರಿನಿಂದ ಗೀಚಿದಂಥ ಒಂದು ಬಿಳಿ ಗೆರೆ ಕಾಣುತ್ತಿತ್ತು. ಅವನು ಅದನ್ನು ಕೊಳೆ ಎಂದುಕೊಂಡು ಬಟ್ಟೆಯಿಂದ ಒರೆಸುತ್ತಿದ್ದ. "ಅತ್ತೆ, ಇದು ಹೋಗುತ್ತಲೇ ಇಲ್ಲ" ಎಂದ. ಹೋಗುವುದಿಲ್ಲ, ಏಕೆಂದರೆ ಅದು ಬಣ್ಣವಲ್ಲ. ಎಬಿಎಸ್ ಪ್ಲಾಸ್ಟಿಕ್ ತನ್ನ ಮಿತಿ ಮೀರಿ ಎಳೆಸಿಕೊಂಡಾಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೂ ಪೊಳ್ಳುಗಳೂ ಹುಟ್ಟುತ್ತವೆ, ಬೆಳಕು ಅಲ್ಲಿ ಚದುರಿ ಬೆಳ್ಳಗೆ ಕಾಣುತ್ತದೆ. ಬಲ ಯಾವ ದಾರಿಯಲ್ಲಿ ಹರಿಯಿತು, ಎಲ್ಲಿ ಇಕ್ಕಟ್ಟಾಯಿತು ಎಂಬುದನ್ನು ಚಾಸಿಯೇ ಬರೆದಿಟ್ಟ ಹಾಗೆ. ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಕೂತು ಲೆಕ್ಕ ಹಾಕಿ ಬಣ್ಣ ಬಳಿದು ತೋರಿಸುವುದನ್ನು ಈ ಕೆಂಪು ಪ್ಲಾಸ್ಟಿಕ್ ಪುಕ್ಕಟೆಯಾಗಿ ತೋರಿಸುತ್ತದೆ. ಬಣ್ಣ ಹಾಕಿಸುವವರಿಗೆ ನನ್ನದೊಂದು ಮನವಿ: ಚಾಸಿಗೆ ಮಾತ್ರ ಬಣ್ಣ ಹಾಕಬೇಡಿ. ಈ ಗೆರೆಗಳನ್ನು ಓದಲು ಕಣ್ಣಿಗೆ ದಾರಿ ಬಿಟ್ಟುಕೊಡಿ.

ಆ ಬಿಳಿ ಗೆರೆ ಅಲ್ಲಿ ಬಂದದ್ದೇಕೆ? ಮುಂದಿನ ರೋಲರುಗಳನ್ನು ಕೆಲವೇ ಡಿಗ್ರಿಯಷ್ಟು ಮುಂದಕ್ಕೆ ವಾಲಿಸಿರುತ್ತಾರೆ. ರೋಲರಿನ ಮುಂದಿನ ಅಂಚು ಹಿಂದಿನ ಅಂಚಿಗಿಂತ ತುಸು ತಗ್ಗು. ಹಾಗೆ ವಾಲಿದ ರೋಲರ್ ಗೋಡೆಯ ಮೇಲೆ ಉರುಳುವಾಗ ಕೆಳಮುಖವಾಗಿ ಸಾಗಲು ನೋಡುತ್ತದೆ, ಕಾರಿನ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಈಗ ಕಾರು ವೇಗವಾಗಿ ತಿರುವಿಗೆ ಬಡಿಯಿತು. ಗೋಡೆ ರೋಲರನ್ನು ಹಿಂದಕ್ಕೆ ಜಗ್ಗುತ್ತದೆ. ರೋಲರ್ ಇರುವುದು ಬಂಪರಿನ ಮಟ್ಟಕ್ಕಿಂತ ಮೇಲೆ. ಹೀಗಾಗಿ ಆ ಜಗ್ಗಾಟ ಬಂಪರನ್ನು ಹಿಮ್ಮುಖವಾಗಿ ತಿರುಚುತ್ತದೆ, ಮುಂದಿನ ಅಂಚು ಮೇಲೇಳುತ್ತದೆ. ವಾಲಿಸಿದ್ದ ಆ ಕೆಲವೇ ಡಿಗ್ರಿ ಅಲ್ಲಿಗೆ ಮುಗಿಯಿತು. ಇನ್ನೂ ಸ್ವಲ್ಪ ತಿರುಚಿದರೆ ಕೋನ ತಿರುವುಮುರುವಾಗಿ ರೋಲರ್ ಗೋಡೆ ಹತ್ತಲು ತೊಡಗುತ್ತದೆ. ನೆಲಕ್ಕೆ ಒತ್ತಬೇಕಾದದ್ದೇ ಕಾರನ್ನು ಎತ್ತಿ ಎಸೆಯುತ್ತದೆ. ಬಂಪರಿನ ಕೆಳಗೆ ಫೈಬರ್ ಪಟ್ಟಿ ಹಾಕುವುದರಿಂದ ಆಗುವ ಲಾಭ ಇದು: ಬಂಪರ್ ಮುರಿಯದಂತೆ ಕಾಯುವುದಕ್ಕಿಂತ ಮುಖ್ಯವಾಗಿ, ಕೋನ ಕೆಡದಂತೆ ಅದು ಕಾಯುತ್ತದೆ. ಹಾಗಾಗಿ "ಗಟ್ಟಿ ಮಾಡು" ಎಂದವರ ಮಾತು ಇಷ್ಟರ ಮಟ್ಟಿಗೆ ಸರಿ. ಅವರು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದೇ ನನ್ನ ತಕರಾರು.

ಸೀಳಿದ ಪೈಪು

ಚಾಸಿಯ ಮಧ್ಯಭಾಗಕ್ಕೆ ಬಂದರೆ ವಿಷಯವೇ ಬೇರೆ. ಅಲ್ಲಿ ಸೆಲ್ಲುಗಳು ಕೂರುವ ತೊಟ್ಟಿ ಇದೆ, ಮೇಲ್ಭಾಗ ತೆರೆದಿದೆ. ಮೇಲೆ ಮುಚ್ಚುವ ಬಾಡಿ ಚೆಂದಕ್ಕಷ್ಟೇ. ಒಂದು ಕ್ಲಿಪ್ಪಿನಲ್ಲಿ ಕೂತ ಅದು ಬಲವನ್ನು ಹೊರುವುದಿಲ್ಲ. ಮುಚ್ಚಿದ ಆಕಾರಕ್ಕೂ ತೆರೆದ ಆಕಾರಕ್ಕೂ ತಿರುಚಿನ ಮುಂದೆ ಎಷ್ಟು ವ್ಯತ್ಯಾಸ ಎಂಬುದನ್ನು ಬಾಯಲ್ಲಿ ಹೇಳಿ ನಂಬಿಸುವುದು ಕಷ್ಟ. ಅದಕ್ಕೆ ರವಿವಾರ ಪೇಠದ ಬೋಹ್ರಿ ಆಳಿಗೆ ಹೋದಾಗ ಮನೆಯ ವೈರಿಂಗಿಗೆ ಬಳಸುವ 25 ಮಿ.ಮೀ. ಪಿವಿಸಿ ಪೈಪ್ ಒಂದನ್ನು ತಂದೆ. (ಬೋಹ್ರಿ ಆಳಿಯನ್ನು ನೋಡದವರಿಗೆ: ಎರಡು ಆಳು ಎದುರುಬದುರಾದರೆ ಒಬ್ಬರು ಅಂಗಡಿಯ ಮೆಟ್ಟಿಲೇರಬೇಕಾದ ಇಕ್ಕಟ್ಟಿನಲ್ಲಿ ಹಿತ್ತಾಳೆಯ ಕೊಳವೆ, ಸಣ್ಣ ಸ್ಕ್ರೂ, ಸ್ಪ್ರಿಂಗು, ಅರ, ಗರಗಸ ಎಲ್ಲವೂ ಸಿಗುತ್ತವೆ. ಬೇರೆ ಊರಿನಲ್ಲಿ ಇದ್ದಿದ್ದರೆ ಈ ಹವ್ಯಾಸ ನನಗೆ ಇಷ್ಟು ಹಿಡಿಯುತ್ತಿರಲಿಲ್ಲ ಎಂದೇ ಅನ್ನಿಸುತ್ತದೆ. ಮೋಟರ್, ವೈರು, ಸ್ವಿಚ್ಚುಗಳಿಗೆ ಬುಧವಾರ ಪೇಠದ ತಪಕೀರ್ ಗಲ್ಲಿ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ.)

ಪೈಪನ್ನು ಮೊಳದುದ್ದದ ಎರಡು ತುಂಡು ಮಾಡಿ, ಒಂದನ್ನು ಉದ್ದಕ್ಕೂ ಸೀಳಿದೆ. ಅಣ್ಣನ ಮಗ ಎರಡನ್ನೂ ಕೈಯಲ್ಲಿ ಹಿಡಿದು ಮೊದಲು ಬಗ್ಗಿಸಿ ನೋಡಿದ. ಹೆಚ್ಚು ವ್ಯತ್ಯಾಸ ತೋರಲಿಲ್ಲ. ಆಮೇಲೆ ಒದ್ದೆ ಬಟ್ಟೆ ಹಿಂಡುವ ರೀತಿಯಲ್ಲಿ ತಿರುಚಲು ಹೇಳಿದೆ. ಸೀಳದ ಪೈಪು ಅಲುಗಲಿಲ್ಲ. ಸೀಳಿದ್ದು ಅವನ ಕೈಯಲ್ಲಿ ಸಲೀಸಾಗಿ ತಿರುಗಿತು, ಸೀಳಿನ ಎರಡು ಅಂಚುಗಳು ಒಂದರ ಪಕ್ಕದಲ್ಲಿ ಇನ್ನೊಂದು ಜಾರಿದವು. ಅವನ ಕಣ್ಣು ಅರಳಿದ್ದು ನನಗಿನ್ನೂ ನೆನಪಿದೆ. ಗೋಡೆ 2 ಮಿ.ಮೀ. ದಪ್ಪವಿರುವ ಅಂಥ ಪೈಪು ಸೀಳಿದ ಮೇಲೆ ತಿರುಚಿಗೆ ತೋರುವ ಪ್ರತಿರೋಧ ಸುಮಾರು ನೂರು ಪಟ್ಟು ಇಳಿಯುತ್ತದೆ. ತೂಕ ಅಷ್ಟೇ, ವಸ್ತು ಅದೇ, ಬಗ್ಗಿಸಿದರೆ ಬಿಗಿಯೂ ಹೆಚ್ಚುಕಡಿಮೆ ಅಷ್ಟೇ. ತಿರುಚಿಗೆ ಮಾತ್ರ ಅದು ದಾರಿ ಬಿಡುತ್ತದೆ.

ಲಾರಿಯ ಚಾಸಿಯಲ್ಲಿ ನಾವು ಬೇಕೆಂದೇ ಈ ಸೀಳಿದ ಪೈಪಿನ ಗುಣವನ್ನು ಬಳಸುತ್ತೇವೆ. ಉದ್ದಕ್ಕೆ ಎರಡು ಸಿ ಆಕಾರದ ಚಾನೆಲ್, ನಡುವೆ ಅಡ್ಡಪಟ್ಟಿಗಳು, ಜೋಡಣೆಗೆ ಹೆಚ್ಚಾಗಿ ರಿವೆಟ್. ಭಾರ ಹೊರುವಾಗ ಬಗ್ಗಬಾರದು, ಸರಿ. ಆದರೆ ಒಂದು ಗಾಲಿ ತಗ್ಗಿಗೆ ಇಳಿದಾಗ ಇಡೀ ಚಾಸಿ ತುಸು ತಿರುಚಿಕೊಂಡರೆ ಮಾತ್ರ ಉಳಿದ ಗಾಲಿಗಳು ನೆಲ ಬಿಡುವುದಿಲ್ಲ. ಬಾಗದ ಟ್ಯಾಂಕನ್ನು ಅಂಥ ಚಾಸಿಯ ಮೇಲೆ ಬಿಗಿದು ಕೂರಿಸಿದರೆ ಕೂರಿಸಿದಲ್ಲೇ ಬಿರುಕು ಬಿಡುತ್ತದೆ. ಅದಕ್ಕೇ ಟ್ಯಾಂಕರುಗಳಲ್ಲಿ ಒಂದು ತುದಿಯ ಹಿಡಿತಕ್ಕೆ ಸ್ಪ್ರಿಂಗ್ ಕೊಟ್ಟು ಅಲುಗಲು ಬಿಡುತ್ತಾರೆ. ಗೋ-ಕಾರ್ಟಿನಲ್ಲಂತೂ ಸಸ್ಪೆನ್ಷನ್ನೂ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ತಿರುವಿನಲ್ಲಿ ಕೊಳವೆಗಳ ಚೌಕಟ್ಟು ತಿರುಚಿಕೊಂಡು ಒಳಗಿನ ಹಿಂಗಾಲಿಯನ್ನು ಕೂದಲೆಳೆಯಷ್ಟು ಎತ್ತಿದರೇ ಅದು ತಿರುಗುವುದು. ಫಾರ್ಮುಲಾ ಒನ್ ಇದಕ್ಕೆ ಎದುರು ದಿಕ್ಕಿನಲ್ಲಿ ಹೋಯಿತು ನಿಜ. 1962ರಲ್ಲಿ ಲೋಟಸ್ ತಂಡದ ಕಾಲಿನ್ ಚಾಪ್ಮನ್ ತನ್ನ ಲೋಟಸ್ 25 ಕಾರಿಗೆ ಮುಚ್ಚಿದ ತೊಟ್ಟಿಯ ಚಾಸಿ ಕೊಟ್ಟ ಮೇಲೆ ಎಲ್ಲರೂ ಬಿಗಿತನದ ಹಿಂದೆ ಬಿದ್ದರು. ಆದರೆ ಅಲ್ಲಿ ಬಾಗುವ, ಪುಟಿಯುವ ಕೆಲಸಕ್ಕೆ ಪ್ರತ್ಯೇಕ ಸಸ್ಪೆನ್ಷನ್ ಇದೆ. ಚಾಸಿ ಬಿಗಿಯಾದಷ್ಟೂ ಸಸ್ಪೆನ್ಷನ್ ತನ್ನ ಕೆಲಸ ನಿಖರವಾಗಿ ಮಾಡುತ್ತದೆ. ಸಸ್ಪೆನ್ಷನ್ನೇ ಇಲ್ಲದ ನಮ್ಮ ಕಾರಿಗೆ ಆ ಮಾದರಿ ಹಿಡಿದುಕೊಂಡು ಬರುವುದು ಸರಿಯಲ್ಲ. ನಮ್ಮದು ಕಾರ್ಟಿಗೂ ಲಾರಿಗೂ ಹತ್ತಿರದ ಸಂಬಂಧಿ.

ಭೋಸರಿಯ ಕಾಕಾ ಕೇಳಿದ್ದು

ಈ ಎಲ್ಲ ಯೋಚನೆಗೆ ಒಂದು ಕ್ರಮ ಬಂದದ್ದು ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ. ವಿಜಯಪುರ ಕಡೆಯ ಹಿರಿಯರೊಬ್ಬರು ಅದನ್ನು ನಡೆಸುತ್ತಾರೆ. ಎರಡು ಲೇಥ್, ಒಂದು ಮಿಲ್ಲಿಂಗ್ ಮೆಷಿನ್, ಬಾಗಿಲ ಬಳಿ ಸದಾ ಎಣ್ಣೆಯಲ್ಲಿ ನೆಂದ ಲೋಹದ ಸುರುಳಿಗಳ ರಾಶಿ. ನಾನು ಅವರ ಬಳಿ ಹೋದದ್ದು ಹಿತ್ತಾಳೆಯ ಪುಟ್ಟ ಬುಶ್‌ಗಳನ್ನು, ಅಂದರೆ ಸ್ಕ್ರೂ ಒಳಗೆ ಜಾರುವ ಕೊಳವೆಗಳನ್ನು, ಮಾಡಿಸಲು. ಕೈಯಲ್ಲಿ ತಮಿಯಾದ ಎಂಎಸ್ ಎಂಬ ಚಾಸಿ ಇತ್ತು. 2005ರಲ್ಲಿ ಬಂದ ವಿನ್ಯಾಸ ಅದು: ಮೋಟರ್ ನಟ್ಟನಡುವೆ ಉದ್ದಕ್ಕೆ ಮಲಗಿದೆ, ಅದರ ದಂಡ ಎರಡೂ ತುದಿಯಿಂದ ಹೊರಬಂದು ಮುಂದಿನ ಹಿಂದಿನ ಗಿಯರುಗಳನ್ನು ನೇರವಾಗಿ ತಿರುಗಿಸುತ್ತದೆ. ಹಳೆಯ ಚಾಸಿಗಳಲ್ಲಿ ಹಿಂದಿನ ಮೋಟರಿನಿಂದ ಮುಂದಿನ ಚಕ್ರಕ್ಕೆ ಶಕ್ತಿ ಸಾಗಿಸುತ್ತಿದ್ದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇದರಲ್ಲಿಲ್ಲ. ಮೂತಿ, ನಡು, ಬಾಲ ಎಂದು ಮೂರು ತುಂಡುಗಳಾಗಿ ಬರುತ್ತದೆ. ಆ ನಡುವನ್ನು ಮುಂದೆ ಹಿಂದೆ ಕತ್ತರಿಸಿ, ಸ್ಕ್ರೂ ಮತ್ತು ಸ್ಪ್ರಿಂಗುಗಳ ಮೇಲೆ ತೇಲುವಂತೆ ಮತ್ತೆ ಜೋಡಿಸುವ ಪದ್ಧತಿ ಈ ಹವ್ಯಾಸದಲ್ಲಿ ಹೆಸರುವಾಸಿ. ನಾನು ಮಾಡಹೊರಟದ್ದೂ ಅದನ್ನೇ.

ಅವರು ಚಾಸಿಯನ್ನು ತೆಗೆದುಕೊಂಡು ಎರಡು ತುದಿ ಹಿಡಿದು ಮೆಲ್ಲಗೆ ತಿರುಚಿದರು, ಬೆಳಕಿಗೆ ಹಿಡಿದು ಗಿಯರ್ ಕೂರುವ ಜಾಗ ನೋಡಿದರು, ಹೆಬ್ಬೆರಳಿನಿಂದ ಆಕ್ಸಲ್ ತೂತಿನ ಅಂಚನ್ನು ಸವರಿದರು. ಆಮೇಲೆ ಕೇಳಿದರು: "ತಂಗಿ, ಇದರಲ್ಲಿ ಯಾವುದು ಅಲುಗಬಾರದು? ಮೊದಲು ಅದನ್ನು ಹೇಳು. ಉಳಿದದ್ದನ್ನು ಆಮೇಲೆ ನೋಡೋಣ." ಮೆಷಿನ್ ಮೇಲೆ ಕೆಲಸ ಕಟ್ಟುವವರ ಪ್ರಶ್ನೆ ಅದು. ವಸ್ತುವನ್ನು ಹಿಡಿಕೆಯಲ್ಲಿ ಬಿಗಿಯುವ ಮೊದಲು ಯಾವ ಮುಖ ಆಧಾರ, ಯಾವುದು ಸ್ವತಂತ್ರ ಎಂದು ನಿರ್ಧರಿಸದೆ ಅವರು ಟೂಲನ್ನು ಮುಟ್ಟುವುದಿಲ್ಲ.

ನಾನು ನಿಂತಲ್ಲೇ ಯೋಚಿಸಿ ಹೇಳಿದೆ. "ಕಾಕಾ, ಮೂರು ಅಲುಗಬಾರದು. ಮೋಟರಿನ ದಂಡದ ಪುಟ್ಟ ಗಿಯರಾದ ಪಿನಿಯನ್ನೂ ಅದರ ಎದುರಿನ ಗಿಯರೂ ಕಚ್ಚುವ ಆಳ. ಮುಂದಿನ ರೋಲರಿನ ಕೋನ. ಎರಡು ಆಕ್ಸಲ್‌ಗಳು ಒಂದಕ್ಕೊಂದು ಸಮಾನಾಂತರವಾಗಿರುವುದು." ಹೇಳಿದ ಮೇಲೆ ನನಗೇ ವಿಷಯ ತಿಳಿಯಾಯಿತು. ಈ ಮೂರನ್ನು ಬಿಟ್ಟರೆ ಚಾಸಿಯಲ್ಲಿ ಬಿಗಿಯಾಗಿಯೇ ಇರಬೇಕಾದದ್ದು ಬೇರೇನೂ ಇಲ್ಲ. ಆದರೆ ಪಟ್ಟಿ ಬಿಗಿಯುವ ಹುರುಪಿನಲ್ಲಿ ನಾವು ಗಟ್ಟಿ ಮಾಡುವುದು ಹೆಚ್ಚಾಗಿ ಉಳಿದದ್ದನ್ನೇ, ಏಕೆಂದರೆ ಪಟ್ಟಿ ಬಿಗಿಯಲು ತೂತುಗಳು ಅಲ್ಲಿರುತ್ತವೆ.

ಕತ್ತರಿಸುವ ಕೆಲಸವನ್ನು ಮನೆಯಲ್ಲಿ ಮಾಡಿದೆ, ಅಕ್ಕಸಾಲಿಗರು ಬಳಸುವ ತೆಳು ಗರಗಸದಿಂದ. ಈ ಪ್ಲಾಸ್ಟಿಕ್ಕನ್ನು ಅವಸರದಲ್ಲಿ ಕೊಯ್ದರೆ ಬಿಸಿಯಾಗಿ ಕರಗಿ ಹಲ್ಲುಗಳ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ನಾಲ್ಕು ಎಳೆತ, ಒಂದು ಬಿಡುವು, ಮತ್ತೆ ನಾಲ್ಕು ಎಳೆತ. ಕೊಯ್ದ ಮುಖಗಳನ್ನು ಅರದಿಂದ ತೀಡಿ, ಗಾಜಿನ ಮೇಲಿಟ್ಟ ಮರಳು ಕಾಗದದ ಮೇಲೆ ಉಜ್ಜಿ ಸಮ ಮಾಡಿದೆ. ಎರಡು ಮಿಲಿಮೀಟರ್ ಸ್ಕ್ರೂಗಳು ಕಾಕಾ ಮಾಡಿಕೊಟ್ಟ ಬುಶ್‌ಗಳ ಒಳಗೆ ಮೇಲೆ ಕೆಳಗೆ ಜಾರಬೇಕು. ಒಂದು ಬುಶ್ ತುಸು ವಾರೆಯಾಗಿ ಕೂತರೂ ಸ್ಕ್ರೂ ಕಚ್ಚಿಕೊಂಡು ಜಾರುವುದಿಲ್ಲ. ಆಗ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ. ನಾಲ್ಕೂ ಸ್ಕ್ರೂ ಸಲೀಸಾಗಿ ಜಾರುವವರೆಗೆ ಬಿಡಿಸಿ ಕೂರಿಸಿ ನೋಡುತ್ತಾ ಇರುವುದೇ ಇದರಲ್ಲಿ ನಿಜವಾದ ಕೆಲಸ. ಸ್ಪ್ರಿಂಗಿಗೆ ಬಾಲ್‌ಪೆನ್ನಿನದನ್ನು ಅರ್ಧಕ್ಕೆ ಕತ್ತರಿಸಿ ಬಳಸಿದೆ. ಚಲನೆಗೆ ಬಿಟ್ಟದ್ದು ಎರಡು ಮೂರು ಮಿಲಿಮೀಟರ್ ಮಾತ್ರ. ಅದಕ್ಕಿಂತ ಹೆಚ್ಚು ಬಿಟ್ಟರೆ ಅಲುಗಬಾರದವುಗಳಲ್ಲಿ ಮೊದಲನೆಯದಾದ ಗಿಯರಿನ ಕಚ್ಚು ಸಡಿಲವಾಗುತ್ತದೆ.

ಇಳಿಯುವ ಲೆಕ್ಕ

ಅಷ್ಟು ಸಣ್ಣ ಚಲನೆಯಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಒಂದು ಸುಲಭದ ಲೆಕ್ಕ ಇದೆ. ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿ. ಬಂದ ಸಂಖ್ಯೆಯೇ ಇಳಿದಾಗ ಕಾರು ಅನುಭವಿಸುವ ಸರಾಸರಿ ಹೊಡೆತ, ಅದರ ತೂಕದ ಎಷ್ಟು ಪಟ್ಟು ಎಂಬ ರೂಪದಲ್ಲಿ. ಏರು ದಾಟಿ ಹಾರಿದ ಕಾರು 200 ಮಿ.ಮೀ. ಕೆಳಗೆ ಬಿದ್ದಿತು ಎನ್ನಿ. ಎಲ್ಲ ಕಡೆ ಬಿಗಿದ ಚಾಸಿಯಲ್ಲಿ ಟೈರು ಅದುಮುವ 2 ಮಿ.ಮೀ. ಅಷ್ಟೇ ನಿಲ್ಲುವ ದೂರ. ಉತ್ತರ 100. ಅಂದರೆ 130 ಗ್ರಾಂ ಕಾರಿಗೆ 13 ಕಿಲೋ ತೂಕದ ಹೊಡೆತ. ಚಾಸಿ ಇನ್ನು 3 ಮಿ.ಮೀ. ಬಿಟ್ಟುಕೊಟ್ಟರೆ ದೂರ 5 ಮಿ.ಮೀ., ಉತ್ತರ 40, ಹೊಡೆತ 5 ಕಿಲೋ ಚಿಲ್ಲರೆ. ಅಷ್ಟು ಪುಟ್ಟ ಜಾಗದಲ್ಲಿ ಹೊಡೆತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಾರಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎರಡು ಸೆಲ್ಲುಗಳದ್ದೇ, ಮೋಟರ್ ಸೇರಿದರೆ ಇನ್ನೂ ಹೆಚ್ಚು, ಅದೆಲ್ಲ ನಡುವಿನಲ್ಲೇ ಇದೆ. ಹಾಗಾಗಿ ಭಾರವೆಲ್ಲ ಸ್ಪ್ರಿಂಗಿನ ಮೇಲೆ ತೇಲುತ್ತದೆ, ಚಕ್ರಗಳಿರುವ ಹಗುರ ತುದಿಗಳು ಮಾತ್ರ ನೆಲದ ಜೊತೆ ಏಗುತ್ತವೆ. ಕತ್ತರಿಸಿದ ಎಂಎಸ್ ಚಾಸಿಯ ಜಾಣತನ ಅದು.

ಆದರೆ ಸ್ಪ್ರಿಂಗ್ ತೆಗೆದುಕೊಂಡದ್ದನ್ನು ಹಿಂದಿರುಗಿಸುತ್ತದೆ. ಬಿಟ್ಟುಕೊಡುವುದರಷ್ಟೇ ಮುಖ್ಯ, ಮರಳಿ ಬರುವಾಗ ಎಷ್ಟು ನಿಧಾನವಾಗಿ ಬರುತ್ತದೆ ಎಂಬುದು. ಬುಶ್‌ಗಳಲ್ಲಿ ದಪ್ಪ ಗ್ರೀಸ್ ತುಂಬಿದಾಗ ನಮ್ಮ ಕಾರು ಇಳಿದ ಮೇಲೆ ಎರಡನೇ ಬಾರಿ ಪುಟಿಯುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಪುಣೆಯ ಮೇ ತಿಂಗಳ ತಾರಸಿಯಲ್ಲಿ ಅದೇ ಗ್ರೀಸ್ ತೆಳುವಾಗಿ ಮತ್ತೆ ಪುಟಿತ ಶುರುವಾಯಿತು, ಮಳೆಗಾಲದಲ್ಲಿ ಟ್ರ್ಯಾಕನ್ನು ಪಾರ್ಕಿಂಗಿಗೆ ಇಳಿಸಿದಾಗ ಸರಿಹೋಯಿತು. ಪುಟಿತ ತಡೆಯಲು ಇನ್ನೊಂದು ಉಪಾಯ ಎಲ್ಲರ ಕಾರಿನಲ್ಲೂ ಇದೆ: ಉದ್ದ ಸ್ಕ್ರೂವಿನ ಮೇಲೆ ಸಡಿಲವಾಗಿ ಜಾರುವ ಲೋಹದ ಗುಂಡು. ಬಸ್ಸು ಉಬ್ಬು ದಾಟಿದಾಗ ಕೊನೆಯ ಸೀಟಿನಲ್ಲಿ ಕೂತವರು ಮೇಲಕ್ಕೆ ಹಾರಿ ಬಸ್ಸಿಗಿಂತ ತಡವಾಗಿ ಕೆಳಗೆ ಬೀಳುವ ರೀತಿಯಲ್ಲಿ, ಚಾಸಿ ನೆಲ ಮುಟ್ಟಿ ಮೇಲೇಳಲು ಹೊರಟ ಹೊತ್ತಿಗೆ ಈ ಗುಂಡು ಬಂದು ಬಡಿದು ಅದನ್ನು ಕೂರಿಸುತ್ತದೆ. 2005ರ ಕೊನೆಗೆ ರೆನೋ ತಂಡ ತನ್ನ ಫಾರ್ಮುಲಾ ಒನ್ ಕಾರಿನ ಮೂತಿಯಲ್ಲಿ ಸ್ಪ್ರಿಂಗಿನ ಮೇಲೆ ತೇಲುವ ತೂಕವೊಂದನ್ನು ಇರಿಸಿತ್ತು. 2006ರ ನಡುವೆ ಅದನ್ನು ನಿಷೇಧಿಸಲಾಯಿತು. ತಂತ್ರ ಪೂರ್ತಿ ಒಂದೇ ಅಲ್ಲ, ಆದರೆ ತೂಕವನ್ನೇ ದೇಹದ ವಿರುದ್ಧ ಅಲುಗಲು ಬಿಟ್ಟು ಚಕ್ರವನ್ನು ನೆಲದಲ್ಲಿ ಇಡುವ ಆಲೋಚನೆ ಎರಡರಲ್ಲೂ ಇದೆ. ಮಕ್ಕಳು ತಾರಸಿಯ ಮೇಲೆ ಆ ಗುಂಡನ್ನು ಸ್ಕ್ರೂಗೆ ಪೋಣಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಹೆಮ್ಮೆ ಅನ್ನಿಸುತ್ತದೆ.

ತಮಿಯಾದ ಮುಂದಿನ ಚಾಸಿಗಳು ಬೇರೆ ದಾರಿ ಹಿಡಿದವು. 2012ರ ಎಆರ್ ಒಂದೇ ತುಂಡಿನದು, ತಳ ನುಣುಪು, ಸೆಲ್ಲು ಮತ್ತು ಮೋಟರನ್ನು ಕೆಳಗಿನಿಂದ ತೆಗೆಯಬಹುದು. 2013ರ ಎಂಎ ಚಾಸಿ ಎಂಎಸ್‌ನ ನಡುಮೋಟರನ್ನು ಒಂದೇ ತುಂಡಿನ ದೇಹದಲ್ಲಿ ಕೂರಿಸಿತು, ಕೀಲುಗಳ ಸಡಿಲ ಹೋಯಿತು. ಹೊಸಬರಿಗೆ ನಾನು ಇವೆರಡರಲ್ಲಿ ಒಂದನ್ನು ಕೊಡಿ ಎನ್ನುತ್ತೇನೆ, ಗರಗಸವನ್ನಲ್ಲ. ಒಂದಷ್ಟು ದಿನ ಯಾವ ಪಟ್ಟಿಯನ್ನೂ ಹಾಕದೆ ಓಡಿಸಲಿ, ಬಿಳಿ ಗೆರೆ ಎಲ್ಲಿ ಮೂಡುತ್ತದೆ ನೋಡಲಿ, ಅಲ್ಲಿ ಮಾತ್ರ ಕೈ ಹಾಕಲಿ. ಕಾರ್ಬನ್ ಪಟ್ಟಿಗಳ ಬೆಲೆ ಕಡಿಮೆಯಲ್ಲ. ಅಂಗಡಿಯಲ್ಲಿ ಚೆಂದ ಕಂಡದ್ದನ್ನೆಲ್ಲ ಮಗುವಿಗೆ ಕೊಡಿಸಿದರೆ ಮಗು ಕಲಿಯುವುದು ಕೊಳ್ಳುವುದನ್ನು. ಈ ಮಾತನ್ನು ಅಪ್ಪಂದಿರಿಗೆ ನೇರವಾಗಿಯೇ ಹೇಳಿದ್ದೇನೆ, ಕೆಲವರಿಗೆ ಬೇಸರವೂ ಆಗಿದೆ.

ಆಕ್ಸಲ್ ವಿಷಯದಲ್ಲೂ ಇದೇ ತರ್ಕ ಕೆಲಸ ಮಾಡುತ್ತದೆ. ಡಿಫರೆನ್ಷಿಯಲ್ ಇಲ್ಲದ ಕಾರಣ ಎಡಬಲ ಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಅರ್ಧ ವೃತ್ತದ ತಿರುವು ಮುಗಿಸುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 20 ಸೆಂ.ಮೀ. ಹೆಚ್ಚು ದಾರಿ ಸವೆಸಬೇಕು. ಆ 20 ಸೆಂ.ಮೀ. ಎಲ್ಲೋ ಒಂದು ಕಡೆ ಜಾರಲೇಬೇಕು. ಅದಕ್ಕೇ ಅನುಭವಿಗಳು ಹಿಡಿತ ಕಡಿಮೆ ಇರುವ ಗಡಸು ಟೈರು ಆರಿಸುತ್ತಾರೆ. ಟೈರು ಜಾರದಿದ್ದರೆ ಆ ಒತ್ತಡ ಆಕ್ಸಲ್ ಮೂಲಕ ಚಾಸಿಗೆ ಏರಿ ಎರಡು ಆಕ್ಸಲ್‌ಗಳ ಸಮಾನಾಂತರವನ್ನೇ ಕೆಡಿಸುತ್ತದೆ. ಜಾರಲು ಎಲ್ಲಿ ಬಿಡುತ್ತೀರಿ ಎಂಬುದನ್ನು ನೀವು ನಿರ್ಧರಿಸದಿದ್ದರೆ ಕಾರು ತಾನೇ ನಿರ್ಧರಿಸುತ್ತದೆ.

ಈಗ ನನ್ನ ಮೇಜಿನ ಮೇಲಿರುವ ಪ್ರಶ್ನೆ ಇನ್ನೊಂದು. ನಮ್ಮ ಟ್ರ್ಯಾಕ್ ಎಡಕ್ಕೆ ತಿರುಗುವುದೇ ಹೆಚ್ಚು, ಆದ್ದರಿಂದ ಕಾರು ಸದಾ ಬಲಗೋಡೆಗೆ ಒರಗುತ್ತದೆ. ಬಿಚ್ಚಿ ನೋಡಿದ ಬಂಪರುಗಳಲ್ಲೆಲ್ಲ ಬಿಳಿ ಗೆರೆ ಬಲ ಮೂಲೆಯಲ್ಲಿ ದಟ್ಟವಾಗಿದೆ, ಎಡಕ್ಕೆ ತೀರ ತೆಳು. ಹಾಗಾದರೆ ಎರಡೂ ಕಡೆ ಒಂದೇ ಪಟ್ಟಿ ಯಾಕೆ? ಬಲಕ್ಕೆ ಕಾರ್ಬನ್ ಕೊಟ್ಟು, ಎಡವನ್ನು ಬರಿಯ ಪ್ಲಾಸ್ಟಿಕ್ಕಿನಲ್ಲೇ ಬಿಟ್ಟರೆ ತೂಕವೂ ಉಳಿಯುತ್ತದೆ, ಜಿಗಿದು ಇಳಿದಾಗ ಎಡ ಮೂಲೆ ತುಸು ಬಾಗಿ ಹೊಡೆತವನ್ನೂ ನುಂಗುತ್ತದೆ. ಆದರೆ ಇಳಿಯುವಾಗ ಎರಡು ಕಡೆ ಬೇರೆ ಬೇರೆಯಾಗಿ ಬಾಗಿದರೆ ಕಾರು ಓರೆಯಾಗಿ ಕೂರಬಹುದು, ಮುಂದಿನ ತಿರುವಿಗೆ ಅಡ್ಡಡ್ಡವಾಗಿ ನುಗ್ಗಬಹುದು. ನಾನು ಹಿಂಜರಿಯುತ್ತಿರುವುದು ಅದಕ್ಕೆ. ಅಣ್ಣನ ಮಗನಿಗೆ ಹಿಂಜರಿಕೆ ಇಲ್ಲ. "ಅತ್ತೆ, ಎಡದ ಸ್ಪ್ರಿಂಗನ್ನು ಒಂದು ಸುತ್ತು ಗಟ್ಟಿ ಇಟ್ಟರೆ ಎರಡೂ ಒಂದೇ ಸಮ ಇಳಿಯುವುದಿಲ್ಲವೇ?" ಎಂದು ಕೇಳಿದ. ಮುಂದಿನ ಭಾನುವಾರಕ್ಕೆ ಬಲಕ್ಕೊಂದು ಎಡಕ್ಕೊಂದು ಎಂದು ಬೇರೆ ಬೇರೆ ಉದ್ದದ ಸ್ಪ್ರಿಂಗುಗಳನ್ನು ಅವನು ಈಗಾಗಲೇ ಕತ್ತರಿಸಿಟ್ಟಿದ್ದಾನೆ.